ಬಂಕಿನ ಫಲಕದ ಅಂಕಿ ಏಕೆ ನಿಲ್ಲುವುದಿಲ್ಲ?

ಈ ಸಲ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪೆಟ್ರೋಲ್, ಡೀಸೆಲ್ ದರವನ್ನೇ ಕುರಿತವಾಗಿವೆ. ಆದ್ದರಿಂದ ಇಡೀ ಅಂಕಣವನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 1985ರಲ್ಲಿ ಸ್ಕೂಟರ್ ಕೊಂಡಾಗ ಪೆಟ್ರೋಲ್ ದರ ಏರುವುದೆಂದರೆ ಊರೆಲ್ಲ ಮಾತನಾಡುವ ಸುದ್ದಿಯಾಗಿತ್ತು. ಈಗ ಮೊಬೈಲಿನಲ್ಲಿ ನೋಡಿದರೆ ಮೈಸೂರಿನ ದರ ನಿನ್ನೆಗೂ ಇಂದಿಗೂ ಕೆಲವು ಪೈಸೆ ಬೇರೆಯಾಗಿರುತ್ತದೆ. ಇಷ್ಟು ಮೇಲಿಂದ ಮೇಲೆ ಬದಲಾಗಲು ಕಾರಣವೇನು?
— ಕುವೆಂಪುನಗರ, ಮೈಸೂರು

ಉತ್ತರ: ನೀವು ಸ್ಕೂಟರ್ ಕೊಂಡ ಕಾಲದಲ್ಲಿ ಪೆಟ್ರೋಲಿನ ಬೆಲೆ ನಿಗದಿಯಾಗುತ್ತಿದ್ದುದು ಮಾರುಕಟ್ಟೆಯಲ್ಲಲ್ಲ, ದೆಹಲಿಯ ಕಚೇರಿಗಳಲ್ಲಿ. ಹೊರದೇಶದಲ್ಲಿ ಕಚ್ಚಾ ತೈಲ ತುಟ್ಟಿಯಾದರೂ ಅಗ್ಗವಾದರೂ ಸರ್ಕಾರ ಒಪ್ಪುವವರೆಗೆ ಬಂಕಿನ ಅಂಕಿ ಅಲುಗುತ್ತಿರಲಿಲ್ಲ. ಈ ಪದ್ಧತಿಯನ್ನು 2002ರ ಏಪ್ರಿಲ್ 1ರಿಂದ ಕೈಬಿಡಲಾಯಿತೆಂದು ಕಾಗದದಲ್ಲಿದ್ದರೂ, ಪೆಟ್ರೋಲಿನ ಮೇಲಿನ ಹಿಡಿತವನ್ನು ಕೇಂದ್ರ ಸರ್ಕಾರ ನಿಜವಾಗಿ ಸಡಿಲಿಸಿದ್ದು 2010ರ ಜೂನ್‌ನಲ್ಲಿ. ಡೀಸೆಲ್ ವಿಷಯದಲ್ಲಿ ಅದು ಇನ್ನೂ ಅಂಜುತ್ತಲೇ ನಡೆಯಿತು. 2013ರ ಜನವರಿಯಿಂದ ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತ ಬಂದು, 2014ರ ಅಕ್ಟೋಬರ್‌ನಲ್ಲಿ ಅದನ್ನೂ ತೈಲ ಮಾರಾಟ ಕಂಪನಿಗಳಿಗೆ ಬಿಟ್ಟಿತು. ಆಮೇಲೆ ಕೆಲಕಾಲ ಪ್ರತಿ ತಿಂಗಳ 1 ಮತ್ತು 16ರಂದು ದರ ಪರಿಷ್ಕರಣೆ ನಡೆಯುತ್ತಿತ್ತು. 2017ರ ಮೇ ತಿಂಗಳಲ್ಲಿ ಪುದುಚೇರಿ, ವಿಶಾಖಪಟ್ಟಣ, ಉದಯಪುರ, ಜಮ್ಶೆಡ್‌ಪುರ, ಚಂಡೀಗಢಗಳಲ್ಲಿ ಪ್ರಯೋಗ ಮಾಡಿ ನೋಡಿ, ಜೂನ್ 16ರಿಂದ ದೇಶದಾದ್ಯಂತ ದಿನಂಪ್ರತಿ ಪರಿಷ್ಕರಣೆ ಜಾರಿಗೆ ಬಂತು. ಬೆಳಿಗ್ಗೆ 6 ಗಂಟೆಗೆ ಹೊಸ ದರ ಎಂಬ ರೂಢಿ ಅಂದಿನದು. ಮೊದಲು ಯೋಚಿಸಿದ್ದು ನಡುರಾತ್ರಿಯನ್ನು. ಹೊತ್ತಲ್ಲದ ಹೊತ್ತಿನಲ್ಲಿ ಪಂಪಿನ ದರ ಬದಲಿಸಲು ಆಳುಗಳನ್ನು ಎಲ್ಲಿಂದ ತರುವುದು ಎಂದು ಬಂಕ್ ಮಾಲೀಕರು ಆಕ್ಷೇಪಿಸಿದ್ದರಿಂದ ಅದು ಬೆಳಗಿನ ಆರಕ್ಕೆ ಬಂತು.

ಇನ್ನು ಕಾರಣಕ್ಕೆ ಬರೋಣ. ನಮ್ಮ ಸೀಮೆಯ ಎರಡು ಸರಕುಗಳನ್ನು ನೆನಪಿಗೆ ತಂದುಕೊಂಡರೆ ವಿಷಯ ಬೇಗ ತಿಳಿಯುತ್ತದೆ. ಮಂಡ್ಯದ ಎಪಿಎಂಸಿ ಪ್ರಾಂಗಣದಲ್ಲಿ ಬೆಲ್ಲದ ದರ ಆಯಾ ದಿನದ ಆವಕ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ನಿನ್ನೆಯ ದರ ಇವತ್ತು ಏಕಿಲ್ಲ ಎಂದು ಅಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ನಂದಿನಿ ಹಾಲಿನ ದರ ಹಾಗಲ್ಲ. 2025ರ ಏಪ್ರಿಲ್ 1ರಂದು ಲೀಟರಿಗೆ ₹4 ಏರಿದ ಹಾಗೆ, ಮೇಲಿನವರ ಒಂದು ತೀರ್ಮಾನದಿಂದ ಒಂದೇ ದಿನ ಏರಿ, ಮುಂದಿನ ತೀರ್ಮಾನದವರೆಗೆ ಅಲ್ಲೇ ನಿಲ್ಲುತ್ತದೆ. ಪೆಟ್ರೋಲ್ ಈ ಎರಡೂ ಗುಣಗಳನ್ನು ಹೊತ್ತುಕೊಂಡಿರುವ ಸರಕು. ಒಳಗಿನ ಎಣ್ಣೆ ಬೆಲ್ಲದ ಜಾತಿಯದು, ಹೊರಗಿನ ಫಲಕ ಬಹುಮಟ್ಟಿಗೆ ಹಾಲಿನ ಜಾತಿಯದು. ನಿಮ್ಮ ಗೊಂದಲವೂ ಮುಂದಿನ ಪತ್ರಗಳ ಸಿಟ್ಟೂ ಹುಟ್ಟಿರುವುದು ಈ ಬೆರಕೆಯಿಂದಲೇ.

ಬೆಲ್ಲದ ಭಾಗವನ್ನು ಮೊದಲು ನೋಡೋಣ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ನಾವು ಹೊರಗಿನಿಂದ ತರುತ್ತೇವೆ, ಅದಕ್ಕೆ ಡಾಲರ್‌ನಲ್ಲಿ ಹಣ ಕಟ್ಟುತ್ತೇವೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಲೆಕ್ಕಕ್ಕೆಂದು ಬ್ಯಾರೆಲ್‌ಗೆ 80 ಡಾಲರ್, ಡಾಲರ್‌ಗೆ ₹85 ಎಂದು ಹಿಡಿದರೆ ಒಂದು ಲೀಟರ್ ಕಚ್ಚಾ ತೈಲಕ್ಕೆ ₹42.77 ಬೀಳುತ್ತದೆ. ತೈಲ ಒಂದೇ ಒಂದು ಡಾಲರ್ ಏರಿದರೆ ಲೀಟರಿಗೆ 53 ಪೈಸೆ ಹೆಚ್ಚುತ್ತದೆ. ತೈಲ ಅಲ್ಲೇ ನಿಂತು, ಡಾಲರ್ ಎದುರು ರೂಪಾಯಿ ಒಂದು ರೂಪಾಯಿಯಷ್ಟು ಜಾರಿದರೂ 50 ಪೈಸೆ ಹೆಚ್ಚುತ್ತದೆ. ಅಂದರೆ ಕೊಲ್ಲಿ ದೇಶಗಳಲ್ಲಿ ಏನೂ ಆಗದೆ, ಕೇವಲ ಮುಂಬಯಿಯ ಹಣದ ಪೇಟೆಯಲ್ಲಿ ಆದ ಏರುಪೇರಿಗೂ ಮೈಸೂರಿನ ಸ್ಕೂಟರ್ ಸವಾರ ತೆರಬೇಕಾಗುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ನಮ್ಮ ಸಂಸ್ಕರಣಾಗಾರಗಳು ಮಾರಾಟ ಕಂಪನಿಗಳಿಗೆ ಕೊಡುವ ಪೆಟ್ರೋಲಿನ ಬೆಲೆಗೆ ಆಧಾರ ಕಚ್ಚಾ ತೈಲವಷ್ಟೇ ಅಲ್ಲ. ಕೊಲ್ಲಿ ಮತ್ತು ಸಿಂಗಪುರದ ಮಾರುಕಟ್ಟೆಗಳಲ್ಲಿ ಸಿದ್ಧ ಪೆಟ್ರೋಲ್, ಸಿದ್ಧ ಡೀಸೆಲ್ ಯಾವ ಬೆಲೆಗೆ ಕೈಬದಲಾಗುತ್ತಿವೆ ಎಂಬುದನ್ನು ನೋಡಿ, ಹಿಂದಿನ ಹದಿನೈದು ದಿನಗಳ ಸರಾಸರಿ ಹಿಡಿದು ಲೆಕ್ಕ ಹಾಕುವುದು ರೂಢಿ. ಆದ್ದರಿಂದಲೇ ಕಚ್ಚಾ ತೈಲ ಇಳಿಯಿತೆಂಬ ಸುದ್ದಿ ಓದಿದ ದಿನವೇ ಬಂಕಿನಲ್ಲಿ ಅದನ್ನು ಕಾಣಲಾಗದು.

ಮೊಬೈಲಿನಲ್ಲಿ ನೀವು ಕಾಣುವ ಪೈಸೆಗಳ ಕಥೆ ಮಾತ್ರ ಬೇರೆಯದು. ದರ ಎಂಬುದು ಊರಿಗೊಂದಲ್ಲ, ಬಂಕಿಗೊಂದು. ಯಾವ ಡಿಪೊದಿಂದ ಟ್ಯಾಂಕರ್ ಬರುತ್ತದೆ, ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದರ ಮೇಲೆ ಸಾಗಣೆ ವೆಚ್ಚ ಹೆಚ್ಚುಕಡಿಮೆಯಾಗಿ, ಒಂದೇ ಜಿಲ್ಲೆಯ ಎರಡು ಬಂಕುಗಳಲ್ಲಿ ಕೆಲವು ಪೈಸೆಗಳ ಅಂತರ ಇರುತ್ತದೆ. ಜಿಲ್ಲೆಗೊಂದು ಅಂಕಿ ತೋರಿಸುವವರು ಇಂದು ಒಂದು ಬಂಕಿನದನ್ನೂ ನಾಳೆ ಇನ್ನೊಂದರದನ್ನೂ ಹಿಡಿದರೆ ಅದು ಏರಿಳಿತದಂತೆಯೇ ಕಾಣುತ್ತದೆ. ನಿಜವಾದ ಬದಲಾವಣೆ ತಿಳಿಯಬೇಕಾದರೆ ನೀವು ಯಾವಾಗಲೂ ಹೋಗುವ ಬಂಕಿನ ರಸೀದಿಗಳನ್ನೇ ಒಂದು ತಿಂಗಳು ಎತ್ತಿಟ್ಟುಕೊಳ್ಳಿ. ಅಂಕಿ ನೀವು ತಿಳಿದುದಕ್ಕಿಂತ ಹೆಚ್ಚು ಕಾಲ ಒಂದೇ ಕಡೆ ನಿಂತಿರುವುದು ಕಂಡರೆ ಆಶ್ಚರ್ಯಪಡಬೇಡಿ.

ಪ್ರಶ್ನೆ: ನನ್ನದು ಎರಡು ಸರಕು ಸಾಗಣೆ ವಾಹನಗಳ ಸಣ್ಣ ವ್ಯವಹಾರ. ಹೊರದೇಶದಲ್ಲಿ ತೈಲ ಏರಿದ ಮಾರನೆಯ ದಿನವೇ ಇಲ್ಲಿ ಏರಿಸುತ್ತಾರೆ, ಇಳಿದಾಗ ಮಾತ್ರ ಇಳಿಸುವುದಿಲ್ಲ. ದಿನವೂ ಬದಲಾಗುವ ದರ ಎಂದ ಮೇಲೆ ಇಳಿಯಲೂಬೇಕಲ್ಲವೇ?
— ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಇಳಿಯಬೇಕು. ಇಳಿಯಲಿಲ್ಲ ಎಂಬ ನಿಮ್ಮ ದೂರಿನಲ್ಲಿ ಹುರುಳಿದೆ. ಆದರೆ ಏರಬೇಕಾದ ದಿನಗಳಲ್ಲಿ ಏರದೆ ನಿಂತದ್ದೂ ಉಂಟು ಎಂಬುದನ್ನು ಜೊತೆಯಲ್ಲೇ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ.

ಇಳಿಯದ ಉದಾಹರಣೆ 2020ರದು. ಕೊರೊನಾ ಲಾಕ್‌ಡೌನ್‌ನಿಂದ ಲೋಕದ ವಾಹನಗಳೆಲ್ಲ ನಿಂತಾಗ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಕೊಡಬೇಕಾದ ಸರಕಿಗೆ ಈಗಲೇ ಕುದುರಿಸುವ ಬೆಲೆ) ಸೊನ್ನೆಗಿಂತ ಕೆಳಗಿಳಿದು, ಬ್ಯಾರೆಲ್‌ಗೆ ಮೈನಸ್ 37 ಡಾಲರ್ ದಾಟಿತ್ತು; ದಾಸ್ತಾನಿಡಲು ಜಾಗವಿಲ್ಲದ ವರ್ತಕರು ಹಣ ಕೊಟ್ಟು ತೈಲ ಸಾಗಹಾಕುವ ಸ್ಥಿತಿ. ಆಗ ನಮ್ಮ ಬಂಕುಗಳಲ್ಲಿ ಏನಾಯಿತು? ಮಾರ್ಚ್ 16ರಿಂದ 82 ದಿನ ಕಂಪನಿಗಳು ದರವನ್ನು ಮುಟ್ಟಲೇ ಇಲ್ಲ. ಕೇಂದ್ರ ಸರ್ಕಾರ ಮಾರ್ಚ್‌ನಲ್ಲಿ ಎರಡರ ಮೇಲೂ ₹3, ಮೇ ಮೊದಲ ವಾರದಲ್ಲಿ ಪೆಟ್ರೋಲ್ ಮೇಲೆ ₹10, ಡೀಸೆಲ್ ಮೇಲೆ ₹13 ಅಬಕಾರಿ ಸುಂಕ ಏರಿಸಿತು. ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕವೇ ₹32.98 ಆಯಿತು. ನಿಮ್ಮ ಕೈಸೇರಬೇಕಾಗಿದ್ದ ಇಳಿಕೆ ದಾರಿಯಲ್ಲೇ ಬೊಕ್ಕಸಕ್ಕೆ ತಿರುಗಿತು. ಬೊಕ್ಕಸದ ಬೇರೆ ಆದಾಯ ಆಗ ಕುಸಿದಿತ್ತು ಎಂಬುದು ನಿಜವೇ. ಆದರೆ ಜೂನ್ 7ರಿಂದ ತೈಲ ಚೇತರಿಸಿಕೊಂಡಂತೆ ದರ ದಿನವೂ ಏರತೊಡಗಿದಾಗ ಆ ಹೆಚ್ಚುವರಿ ಸುಂಕ ಹಾಗೆಯೇ ಉಳಿಯಿತು, ಅದು ಕರಗಲು ಆರಂಭಿಸಿದ್ದು 2021ರ ನವೆಂಬರ್‌ನಲ್ಲಿ.

ಏರದೆ ನಿಂತ ಉದಾಹರಣೆಗೆ ನಮ್ಮ ರಾಜ್ಯವೇ ಕಾರಣವಾಗಿತ್ತು. 2018ರ ಮೇ 12ರಂದು ವಿಧಾನಸಭೆ ಚುನಾವಣೆಯ ಮತದಾನ. ಏಪ್ರಿಲ್ 24ರಿಂದ ಮೇ 13ರವರೆಗೆ ದಿನಂಪ್ರತಿ ಬದಲಾಗಬೇಕಾದ ದರ ಒಂದು ಪೈಸೆಯೂ ಕದಲಲಿಲ್ಲ, ಮೇ 14ರ ಬೆಳಿಗ್ಗೆ ಏರತೊಡಗಿತು. ದರ ನಿರ್ಧಾರ ಕಂಪನಿಗಳದೇ ಎಂದು ಆಗ ಹೇಳಲಾಯಿತು. ಕ್ಯಾಲೆಂಡರ್ ನೋಡಿದವರು ತಮ್ಮ ತೀರ್ಮಾನ ತಾವು ಮಾಡಿಕೊಂಡರು. ಅದೇ ತಿಂಗಳ 30ರಂದು, ಹದಿನಾರು ದಿನ ಏರಿದ ಮೇಲೆ, ಬೆಳಿಗ್ಗೆ 60 ಪೈಸೆಯ ಇಳಿಕೆ ಎಂದು ಪ್ರಕಟವಾಗಿ, ಕೆಲವೇ ಗಂಟೆಗಳಲ್ಲಿ ಅದು ಲೆಕ್ಕದ ತಪ್ಪೆಂದೂ ಇಳಿಕೆ ಒಂದು ಪೈಸೆ ಮಾತ್ರವೆಂದೂ ತಿದ್ದಲಾಯಿತು. ಆ ಒಂದು ಪೈಸೆಯನ್ನು ಚಿಲ್ಲರೆಯಾಗಿ ವಾಪಸು ಕೊಡುವ ನಾಣ್ಯವೇ ಚಲಾವಣೆಯಲ್ಲಿರಲಿಲ್ಲ.

2022ರಲ್ಲಿ ಇದು ಇನ್ನೂ ದೊಡ್ಡದಾಗಿ ನಡೆಯಿತು. ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿ ತೈಲ ಗಗನಕ್ಕೇರಿದರೂ, ಐದು ರಾಜ್ಯಗಳ ಚುನಾವಣೆ ಮುಗಿದು ಮಾರ್ಚ್ 22 ಬರುವವರೆಗೆ ಹಿಂದಿನ ನವೆಂಬರ್‌ನಿಂದ ನಿಂತಿದ್ದ ಕಂಪನಿಗಳ ದರ ನಾಲ್ಕೂವರೆ ತಿಂಗಳು ಅಲುಗಲಿಲ್ಲ. ಬಳಿಕ ಹದಿನಾರು ದಿನಗಳಲ್ಲಿ ಹದಿನಾಲ್ಕು ಸಲ, ಹೆಚ್ಚಾಗಿ 80 ಪೈಸೆಯಂತೆ, ಒಟ್ಟು ಸುಮಾರು ₹10 ಏರಿ, ಏಪ್ರಿಲ್ 6ಕ್ಕೆ ಮತ್ತೆ ನಿಂತಿತು. ಅಲ್ಲಿಂದ 2024ರ ಮಾರ್ಚ್ 15ರಂದು ₹2 ಇಳಿಸುವವರೆಗೆ, ಅಂದರೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ, ದಿನಂಪ್ರತಿ ಪರಿಷ್ಕರಣೆ ಎಂಬುದು ನಿಯಮದಲ್ಲಿತ್ತೇ ಹೊರತು ಬಂಕಿನಲ್ಲಿರಲಿಲ್ಲ. ಈ ಅವಧಿಯ ಮೊದಲ ತಿಂಗಳುಗಳಲ್ಲಿ ಮೂರು ಸರ್ಕಾರಿ ಕಂಪನಿಗಳು ನಷ್ಟ ಹೊತ್ತವು. ತೈಲ ಇಳಿದ ಮೇಲೂ ದರ ಇಳಿಸದೆ 2023-24ರಲ್ಲಿ ಮೂರೂ ಸೇರಿ ಸುಮಾರು ₹81 ಸಾವಿರ ಕೋಟಿ ಲಾಭ ತೋರಿಸಿದವು. ಹಿಂದಿನ ನಷ್ಟ ತುಂಬಿಕೊಳ್ಳುವುದು ತಪ್ಪಲ್ಲ. ಆದರೆ ಎಷ್ಟು ತುಂಬಿಕೊಂಡ ಮೇಲೆ ಗ್ರಾಹಕನ ಸರದಿ ಬರುತ್ತದೆ ಎಂಬುದಕ್ಕೆ ಯಾವ ಬಹಿರಂಗ ಸೂತ್ರವೂ ಇಲ್ಲ. ನನ್ನ ಮಟ್ಟಿಗೆ ದರ ಬದಲಾಗುವುದಕ್ಕಿಂತ ಆಕ್ಷೇಪಾರ್ಹವಾದುದು ಇದು: ಬೆಲ್ಲದಂತೆ ದಿನವೂ ಬದಲಾಗುತ್ತದೆ ಎಂದು ಹೇಳಿ ಹಾಲಿನಂತೆ ನಿಲ್ಲಿಸುವುದು, ಹಾಲಿನಂತೆ ನಿಲ್ಲಿಸಿದ ಹೊಣೆಯನ್ನು ಮಾತ್ರ ಯಾರೂ ಹೊರದಿರುವುದು.

ಪ್ರಶ್ನೆ: ನಮ್ಮ ಕಡೆ ಬಾವಲಿ ದಾಟಿ ವಯನಾಡಿಗೆ ಹೋಗುವವರು ಇಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ. ಒಂದೇ ದೇಶದಲ್ಲಿ ಗಡಿ ದಾಟಿದರೆ ದರ ಏಕೆ ಬದಲಾಗಬೇಕು? ಜಿಎಸ್‌ಟಿ ಬಂದರೆ ಸರಿಯಾಗುತ್ತದೆಯೇ?
— ಎಚ್.ಡಿ. ಕೋಟೆ, ಮೈಸೂರು ಜಿಲ್ಲೆ

ಉತ್ತರ: ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಂತಿರುತ್ತದೆ. ರಾಜ್ಯದ ಮಾರಾಟ ತೆರಿಗೆ ನಮ್ಮಲ್ಲಿ ನೂರಕ್ಕೆ ಇಷ್ಟು ಎಂಬ ಲೆಕ್ಕದ್ದು, ಅದೂ ಕೇಂದ್ರದ ಸುಂಕ ಸೇರಿದ ಮೊತ್ತದ ಮೇಲೆ. ಹೀಗಾಗಿ ತೆರಿಗೆಯ ಮೇಲೆ ತೆರಿಗೆ ಬೀಳುತ್ತದೆ. ಮೊದಲ ಉತ್ತರದಲ್ಲಿ ಹೇಳಿದ 53 ಪೈಸೆಯ ಏರಿಕೆ ಪೆಟ್ರೋಲಿನ ಮೇಲಿನ ನಮ್ಮ ರಾಜ್ಯದ ಶೇ. 29.84ರ ತೆರಿಗೆ ಸೇರಿ ಬಂಕಿಗೆ ಬರುವಾಗ 69 ಪೈಸೆಯಾಗಿರುತ್ತದೆ. ಇದಕ್ಕೆ ಒಂದು ಒಳ್ಳೆಯ ಮಗ್ಗುಲೂ ಇದೆ. 2022ರ ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲ್ ಸುಂಕವನ್ನು ₹8 ಇಳಿಸಿದಾಗ ದರ ₹9.50 ಕಡಿಮೆಯಾಗುತ್ತದೆಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ್ದು ಈ ಗುಣಾಕಾರದಿಂದಲೇ; ಹೆಚ್ಚಿನ ಒಂದೂವರೆ ರೂಪಾಯಿ ರಾಜ್ಯಗಳ ಪಾಲಿನಿಂದ ಹೋಯಿತು.

ಕರ್ನಾಟಕ 2021ರ ನವೆಂಬರ್‌ನಲ್ಲಿ ಎರಡರ ಮೇಲೂ ₹7 ಇಳಿಸಿತ್ತು. 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೂ ಡೀಸೆಲ್ ಮೇಲಿನದನ್ನು ಶೇ. 14.34ರಿಂದ 18.44ಕ್ಕೂ ಏರಿಸಿತು, 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಶೇ. 21.17 ಆಯಿತು. ಆ ದಿನವೇ ಹಾಲೂ ಏರಿದ್ದರಿಂದ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಬೇರೆ ಮಾತೇ ಇರಲಿಲ್ಲ. ಕೇರಳದಲ್ಲಿ ತೆರಿಗೆ ಇದಕ್ಕಿಂತ ಭಾರ. 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ ₹2ರ ಸೆಸ್ಸನ್ನೂ ಅಲ್ಲಿ ಸೇರಿಸಿದ್ದಾರೆ. ಬಾವಲಿಯ ದಾರಿಯಲ್ಲೂ ಗುಂಡ್ಲುಪೇಟೆಯ ದಾರಿಯಲ್ಲೂ ಕೇರಳದ ವಾಹನಗಳು ಬಂಕಿಗೆ ತಿರುಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗಲೇ ಪೆಟ್ರೋಲ್ ಮತ್ತು ಡೀಸೆಲನ್ನು ಹೊರಗಿಡಲಾಯಿತು. ಸಂವಿಧಾನದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದ ದಿನದಿಂದ ಸೇರಿಸಬಹುದು. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಮಂಡಳಿ ಈ ಮಾತನ್ನು ಎತ್ತಿಕೊಂಡು, ಕಾಲ ಬಂದಿಲ್ಲವೆಂದು ಬದಿಗಿಟ್ಟಿತು. ಕಾರಣ ಸರಳ: ತನ್ನ ಕೈಯಾರೆ ಏರಿಸಿ ಇಳಿಸಬಹುದಾದ ದೊಡ್ಡ ತೆರಿಗೆಗಳು ರಾಜ್ಯಗಳಿಗೆ ಉಳಿದಿರುವುದೇ ಇಂಧನ, ಮದ್ಯ, ಮುದ್ರಾಂಕ, ವಾಹನ ತೆರಿಗೆಗಳಂಥ ನಾಲ್ಕಾರು. ಕೇಂದ್ರದ ಸುಂಕದಲ್ಲಿ ಪಾಲು ಸಿಗುವುದಲ್ಲವೇ ಎಂದರೆ, 2022ರ ಮೇ ಇಳಿಕೆಯ ನಂತರ ಲೀಟರ್ ಪೆಟ್ರೋಲಿನ ಮೇಲಿದ್ದ ₹19.90ರಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಮೂಲ ಸುಂಕ ₹1.40 ಮಾತ್ರ, ಉಳಿದುದು ಹಂಚಿಕೆಗೆ ಬಾರದ ಸೆಸ್ ಮತ್ತು ವಿಶೇಷ ಸುಂಕಗಳ ರೂಪದಲ್ಲಿತ್ತು.

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುತ್ತಾರೆ, ಅದು ನಮ್ಮ ಕಬ್ಬಿನಿಂದಲೂ ಬರುತ್ತದೆ. ಎಥೆನಾಲ್ ದರ ವರ್ಷಕ್ಕೊಮ್ಮೆ ನಿಗದಿಯಾಗುವುದಾದರೆ ಪೆಟ್ರೋಲ್ ಅಷ್ಟರಮಟ್ಟಿಗೆ ಸ್ಥಿರವಾಗಿ, ಅಗ್ಗವಾಗಿ ಇರಬೇಡವೇ?
— ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ಸ್ಥಿರವಾಗಿರಬೇಕೆಂಬ ನಿಮ್ಮ ತರ್ಕ ಸರಿ, ಅಗ್ಗ ಎಂಬ ನಿರೀಕ್ಷೆ ಮಾತ್ರ ಲೆಕ್ಕಕ್ಕೆ ಕೂರುವುದಿಲ್ಲ. ಕಬ್ಬಿನ ರಸದಿಂದ ನೇರವಾಗಿ ಮಾಡಿದ ಎಥೆನಾಲಿಗೆ 2022-23ರಿಂದ ಕಂಪನಿಗಳು ಕೊಡುತ್ತ ಬಂದ ದರ ಲೀಟರಿಗೆ ₹65.61, ಬಿ ದರ್ಜೆಯ ಕಾಕಂಬಿಯದಕ್ಕೆ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕದ್ದಕ್ಕೆ) ₹60.73. ತೆರಿಗೆಗೆ ಮುಂಚಿನ ಪೆಟ್ರೋಲ್ ಬೆಲೆ ₹55ರ ಆಸುಪಾಸಿನಲ್ಲಿದ್ದ ದಿನಗಳಲ್ಲಿ ಅದಕ್ಕೆ ಎಥೆನಾಲ್ ಬೆರೆಸಿದರೆ ಮಿಶ್ರಣ ಅಗ್ಗವಾಗುವುದಾದರೂ ಹೇಗೆ? ತೈಲ ಬ್ಯಾರೆಲ್‌ಗೆ ನೂರು ಡಾಲರ್ ದಾಟಿದಾಗ ಮಾತ್ರ ನಿಮ್ಮ ಕಬ್ಬು ಮಿಶ್ರಣದ ಬೆಲೆಯನ್ನು ಕೆಳಗೆ ಎಳೆಯುತ್ತದೆ. ಇದಲ್ಲದೆ ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7, ಹಳೆಯ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಫಲಕದ ಮೇಲೆ ಕಾಣದ ದರ ಏರಿಕೆ ಎಂದು ಇದನ್ನು ಕರೆಯುವವರಿದ್ದಾರೆ, ನಾನೂ ಅವರಲ್ಲೊಬ್ಬ. ಡಾಲರ್ ಉಳಿತಾಯ, ಕಾರ್ಖಾನೆಗಳ ಕೈಗೆ ಬೇಗ ಬರುವ ಹಣ, ಅದರಿಂದ ಬೆಳೆಗಾರರ ಬಾಕಿ ಕರಗುವ ಸಾಧ್ಯತೆ ಎಂಬ ಲಾಭಗಳು ಇದ್ದೇ ಇವೆ; ಅವು ಬಂಕಿನಲ್ಲಿ ಕಾಣುವಂಥವಲ್ಲ.

ಇನ್ನು ಸ್ಥಿರತೆಯ ಮಾತು. ಮಳೆ ಕೈಕೊಟ್ಟ 2023ರ ಡಿಸೆಂಬರ್ 7ರಂದು, ಸಕ್ಕರೆ ಕೊರತೆಯ ಭಯದಿಂದ, ಕಬ್ಬಿನ ರಸವನ್ನು ಎಥೆನಾಲಿಗೆ ಬಳಸುವುದನ್ನೇ ಕೇಂದ್ರ ತಡೆದು, ಒಂದು ವಾರದ ಮೇಲೆ ಭಾಗಶಃ ಸಡಿಲಿಸಿತು. ಕೆಆರ್‌ಎಸ್ ತುಂಬುವುದೋ ಇಲ್ಲವೋ ಎಂದು ಪ್ರತಿ ಜುಲೈನಲ್ಲಿ ಕಾಯುವ ನಿಮಗೆ, ಕೊಲ್ಲಿಯ ಅನಿಶ್ಚಯದ ಜಾಗಕ್ಕೆ ಮುಂಗಾರಿನ ಅನಿಶ್ಚಯ ಬಂದು ಕೂರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ದರ ಏರುವ ಹಿಂದಿನ ರಾತ್ರಿ ನಮ್ಮೂರ ಬಂಕೊಂದರಲ್ಲಿ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು ತೂಗುಹಾಕಿದ್ದರು. ಈ ಏರಿಳಿತದಲ್ಲಿ ಮಾಲೀಕರಿಗೇ ಲಾಭವಲ್ಲವೇ? ಬೆಳಿಗ್ಗೆ ಬೇಗ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎನ್ನುವುದು ನಿಜವೇ?
— ಶ್ರೀರಂಗಪಟ್ಟಣ

ಉತ್ತರ: ಏರುವ ರಾತ್ರಿ ನೆಲದಡಿಯ ಟ್ಯಾಂಕಿನಲ್ಲಿ 20,000 ಲೀಟರ್ ಇದ್ದವನಿಗೆ, ದರ ₹2 ಏರಿದರೆ ₹40 ಸಾವಿರ ಕುಳಿತಲ್ಲೇ ಬರುತ್ತದೆ, ಆ ಬೋರ್ಡಿನ ಬಗ್ಗೆ ನಿಮ್ಮ ಸಂಶಯ ಅಕಾರಣವಲ್ಲ. ಇಳಿಯುವ ರಾತ್ರಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. 2022ರ ಮೇ ತಿಂಗಳ ₹9.50ರ ಇಳಿಕೆಯಲ್ಲಿ ಅಷ್ಟೇ ದಾಸ್ತಾನಿನ ಮೇಲೆ ₹1.90 ಲಕ್ಷ ಹೋಗುತ್ತದೆ, ಏಕೆಂದರೆ ಡೀಲರ್ ಹಳೆಯ ದರದಲ್ಲಿ ಮುಂಗಡ ಹಣ ಕಟ್ಟಿ ಲೋಡ್ ಇಳಿಸಿಕೊಂಡಿರುತ್ತಾನೆ. ಆ ತಿಂಗಳ 31ರಂದು ಹಲವು ರಾಜ್ಯಗಳ ಡೀಲರ್‌ಗಳು ಒಂದು ದಿನ ಖರೀದಿ ನಿಲ್ಲಿಸಿ ಪ್ರತಿಭಟಿಸಿದ್ದರಲ್ಲಿ ಈ ಅಳಲೂ ಇತ್ತು. ಅವರ ಕಮಿಷನ್ ಪೆಟ್ರೋಲಿಗೆ ಲೀಟರಿಗೆ ₹4ರ ಆಸುಪಾಸು, ದರ ಎಷ್ಟೇ ಆದರೂ ಹೆಚ್ಚುಕಡಿಮೆ ಅಷ್ಟೇ. ದರ ನಿರ್ಧರಿಸುವವರು ಅವರಲ್ಲ.

ಬೆಳಗಿನ ತಂಪಿನ ಮಾತು ಅರ್ಧ ಸತ್ಯ. ಒಂದು ಡಿಗ್ರಿ ಶಾಖಕ್ಕೆ ಪೆಟ್ರೋಲ್ ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ, ಆದರೆ ನೆಲದಡಿಯ ಟ್ಯಾಂಕಿನ ಶಾಖ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಷ್ಟೇನೂ ಬದಲಾಗುವುದಿಲ್ಲ. ಅಳತೆಯ ಬಗ್ಗೆ ಅನುಮಾನವಿದ್ದರೆ ಬಂಕಿನಲ್ಲಿ ಮುದ್ರೆ ಹಾಕಿದ 5 ಲೀಟರಿನ ಅಳತೆಪಾತ್ರೆ ಇಟ್ಟಿರಲೇಬೇಕು. ಅದರಲ್ಲಿ ಹಿಡಿದು ತೋರಿಸಲು ಕೇಳುವ ಹಕ್ಕು ನಿಮಗಿದೆ, 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಕಂಡರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಹೊತ್ತು ನೋಡಿ ಹಾಕಿಸುವುದರಿಂದ ಉಳಿತಾಯವಾಗುವುದು ಒಂದೇ ಸಂದರ್ಭದಲ್ಲಿ: ಸುಂಕ ಇಳಿಸಿದ್ದಾರೆಂದು ಸಂಜೆಯ ಸುದ್ದಿಯಲ್ಲಿ ಬಂದರೆ, ಟ್ಯಾಂಕ್ ತೀರಾ ಬರಿದಾಗಿಲ್ಲದಿದ್ದರೆ, ಮರುದಿನ ಬೆಳಿಗ್ಗೆ 6 ಗಂಟೆ ಕಳೆಯುವವರೆಗೆ ತಡೆಯಿರಿ.